ಶಂಟ್ ಪರೀಕ್ಷೆಯ ಬಿಲ್ಲಿಗೆ ಸಿಎಂಎಸ್‌ನ ಉಚಿತ ಹುಡುಕಾಟ ಪುಟ: ದರಕ್ಕೆ ಸೈ, ಕೋಡ್ ಆರಿಸಲು ಸಾಲದು

ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಯಾವ ಸೇವೆಗೆ ವೈದ್ಯರಿಗೆ ಎಷ್ಟು ಕೊಡುತ್ತದೆ ಎಂದು ನೋಡಲು, ಅದನ್ನು ನಡೆಸುವ ಸಂಸ್ಥೆ ಸಿಎಂಎಸ್‌ನ ‘ಫಿಸಿಶಿಯನ್ ಫೀ ಶೆಡ್ಯೂಲ್’ ಹುಡುಕಾಟ ಪುಟ ಇದೆ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಸಿಪಿಟಿ (ವೈದ್ಯಕೀಯ ಸೇವೆಗಳ ಕೋಡ್ ಪಟ್ಟಿ) ಪರವಾನಗಿಗೆ ಒಪ್ಪಿಗೆ ಒತ್ತಿದರೆ ಸಾಕು. ಬೆಂಗಳೂರಿನಲ್ಲಿ ಕೂತು ಅಲ್ಲಿಯ ಕ್ಲೇಮ್ ನೋಡುವ ಕೋಡರ್‌ಗಳಿಗೂ ಇದು ಪರಿಚಿತವೇ. ಈ ಪುಟದ ಬಲ ಎಷ್ಟು, ಕೊರತೆ ಏನು ಎಂಬುದಕ್ಕೆ ನ್ಯೂಕ್ಲಿಯರ್ ಮೆಡಿಸಿನ್ ಶಂಟ್ ಪರೀಕ್ಷೆ ಒಳ್ಳೆಯ ಒರೆಗಲ್ಲು.

ಮಿದುಳಿನ ನೀರನ್ನು ಹೊಟ್ಟೆಗೆ ಇಳಿಸುವ ಕೊಳವೆ, ಅಂದರೆ ಶಂಟ್, ಕಟ್ಟಿಕೊಂಡಿದೆಯೇ ಎಂದು ನೋಡಲು ನೆತ್ತಿಯ ಚರ್ಮದಡಿ ಇರುವ ಅದರ ಪುಟ್ಟ ತೊಟ್ಟಿಗೆ (ರಿಸರ್ವಾಯರ್) ಸೂಜಿ ಹಾಕಿ ವಿಕಿರಣ ಸೂಸುವ ಐಸೊಟೋಪ್ ಬಿಡುತ್ತಾರೆ. ಅದು ಕೆಳಗಿಳಿಯುವುದನ್ನು ಗಾಮಾ ಕ್ಯಾಮೆರಾ ಹಿಡಿಯುತ್ತದೆ. ಈ ಚಿತ್ರಣದ ಸಿಪಿಟಿ ಕೋಡ್ 78645. ಔಷಧಿ ಒಳಹಾಕುವ ಕೆಲಸ ಅದರಲ್ಲಿ ಸೇರಿಲ್ಲ, ಅದಕ್ಕೆ ಪ್ರತ್ಯೇಕವಾಗಿ 61070. ಸೂಜಿ ಹಾಕಿದ್ದು ನ್ಯೂರೋಸರ್ಜನ್ ಆದರೆ 61070 ಅವರ ಬಿಲ್ಲಿಗೆ ಹೋಗಬೇಕೇ ಹೊರತು ರೇಡಿಯಾಲಜಿಯ ಬಿಲ್ಲಿಗಲ್ಲ. ಎಲ್ಲಿ ಚುಚ್ಚಿದರು, ಯಾರು ಚುಚ್ಚಿದರು ಎಂಬುದು ವರದಿಯಲ್ಲಿ ಇಲ್ಲದಿದ್ದರೆ ಆ ಸಾಲು ನಿಲ್ಲುವುದು ಕಷ್ಟ.

ಪುಟ ಕೈಕೊಡುವುದು ಇಲ್ಲೇ. ತೋರಿಸುವುದು ಮೊಟಕು ವಿವರಣೆ ಮಾತ್ರ: 61070ಕ್ಕೆ ‘ಬ್ರೈನ್ ಕೆನಾಲ್ ಶಂಟ್ ಪ್ರೊಸೀಜರ್’. ಅದನ್ನು ಓದಿ ಇದೊಂದು ಸೂಜಿಯ ಕೆಲಸ ಎಂದು ಯಾರಿಗೆ ಹೊಳೆದೀತು? ಅತ್ತ ಸಿಪಿಟಿ ಪುಸ್ತಕ 61070ರ ಕೆಳಗಿನ ಟಿಪ್ಪಣಿಯಲ್ಲಿ 75809 ಕಡೆ ಬೊಟ್ಟು ಮಾಡುತ್ತದೆ. ಅದು ಕಾಂಟ್ರಾಸ್ಟ್ ಹಾಕಿ ಎಕ್ಸ್‌ರೇಯಲ್ಲಿ ನೋಡುವ ಶಂಟೋಗ್ರಾಂ. ಐಸೊಟೋಪ್ ಪರೀಕ್ಷೆಗೆ 75809 ಹಾಕಿದರೆ ಮಾಡದ ಕೆಲಸಕ್ಕೆ ಬಿಲ್ಲು ಕಳಿಸಿದಂತಾಗುತ್ತದೆ. ‘ಶಂಟ್’ ಎಂಬ ಪದವನ್ನೇ ನೆಚ್ಚಿಕೊಂಡರೂ ಎಡವಟ್ಟು: 78428 ಹೃದಯದ ಶಂಟ್‌ಗೆ, 78291 ಹೊಟ್ಟೆಯ ನೀರನ್ನು ರಕ್ತನಾಳಕ್ಕೆ ಸೇರಿಸುವ ಲೆವೀನ್, ಡೆನ್ವರ್ ಶಂಟ್‌ಗಳಿಗೆ.

ದರ ಮತ್ತು ನಿಯಮದ ವಿಷಯಕ್ಕೆ ಬಂದರೆ ಪುಟ ಮೆಚ್ಚುವಂಥದ್ದು. 78645 ಹಾಕಿ ಎಲ್ಲ ಮಾಡಿಫೈಯರ್ (ಕೋಡ್ ಜೊತೆ ಸೇರಿಸುವ ಗುರುತು) ಆರಿಸಿದರೆ ಪೂರ್ಣ ದರ, 26 (ವೈದ್ಯರ ಪಾಲು), ಟಿಸಿ (ಉಪಕರಣದ ಪಾಲು) ಮೂರೂ ಪ್ರತ್ಯೇಕ ಸಾಲುಗಳಲ್ಲಿ ಬರುತ್ತವೆ. ಆಸ್ಪತ್ರೆಯ ಯಂತ್ರದಲ್ಲಿ ಪರೀಕ್ಷೆ ಆಗಿದ್ದರೆ ವೈದ್ಯರ ಕ್ಲೇಮ್‌ಗೆ 26 ಬೇಕೇ ಬೇಕು. ಉಪಕರಣದ ಪಾಲು ಆಸ್ಪತ್ರೆಯದು. ಅದನ್ನು ಮರೆತು ಪೂರ್ಣ ದರಕ್ಕೆ ಕಳಿಸಿದ ಕ್ಲೇಮ್ ತಿರಸ್ಕೃತವಾಗಿ ವಾಪಸ್ ಬರುವುದು ಹೊಸದೇನಲ್ಲ. ದರ ಊರಿಂದ ಊರಿಗೆ ಬೇರೆ, ಆದ್ದರಿಂದ ರಾಷ್ಟ್ರೀಯ ಸರಾಸರಿಗೆ ನಿಲ್ಲದೆ ಲೊಕ್ಯಾಲಿಟಿ ಆರಿಸಿ ನೋಡಿ.

ಔಷಧಿಯ ಲೆಕ್ಕದಲ್ಲಿ ಮಾತ್ರ ಇದನ್ನು ನಂಬಿ ಕೂರುವಂತಿಲ್ಲ. ಐಸೊಟೋಪ್ ಔಷಧಿ ಇಂಡಿಯಂ-111 ಡಿಟಿಪಿಎಗೆ ಕೋಡ್ ಎ9548, ಪ್ರತಿ 0.5 ಮಿಲಿಕ್ಯೂರಿಗೆ (ವಿಕಿರಣದ ಅಳತೆ) ಒಂದು ಯೂನಿಟ್. ಕೊಟ್ಟ ಡೋಸ್ 0.5 ಆಗಿದ್ದರೆ ಯೂನಿಟ್ ಕಾಲಂನಲ್ಲಿ 1 ಇರಬೇಕು, 0.5 ಅಲ್ಲ, 500 ಮೈಕ್ರೋಕ್ಯೂರಿ ಎಂದು 500 ಅಂತೂ ಅಲ್ಲವೇ ಅಲ್ಲ. ಒಂದು ಮಿಲಿಕ್ಯೂರಿಗೆ 2. ಟೆಕ್ನೀಷಿಯಂ-99ಎಂ ಡಿಟಿಪಿಎಯ ಎ9539ಕ್ಕೆ ಈ ಗುಣಾಕಾರವೇ ಇಲ್ಲ: 25 ಮಿಲಿಕ್ಯೂರಿವರೆಗೆ ಪರೀಕ್ಷೆಗೊಂದು ಯೂನಿಟ್. ಎರಡಕ್ಕೂ ಒಂದೇ ಸೂತ್ರ ಹಾಕುವ ಟೆಂಪ್ಲೇಟ್‌ಗಳನ್ನು ಕಿತ್ತೆಸೆಯಬೇಕು.

ಯಾವ ಎರಡು ಕೋಡ್‌ಗಳನ್ನು ಒಟ್ಟಿಗೆ ಬಿಲ್ ಮಾಡಬಾರದು ಎಂದು ಹೇಳುವ ಎನ್‌ಸಿಸಿಐ ಜೋಡಿ ನಿಯಮಗಳೂ ಈ ಪುಟದಲ್ಲಿಲ್ಲ, ಮೂರು ತಿಂಗಳಿಗೊಮ್ಮೆ ಬರುವ ಬೇರೆ ಕಡತ ಇಳಿಸಿಕೊಳ್ಳಬೇಕು. ಜೋಡಿಯ ಎದುರು 0 ಇದ್ದರೆ ಯಾವ ಮಾಡಿಫೈಯರೂ ಉಳಿಸದು. 1 ಇದ್ದರೆ ದಾಖಲೆ ಒಪ್ಪಿದಾಗ ಮಾಡಿಫೈಯರ್ ಹಾಕಿ ಜೋಡಿ ಬಿಡಿಸಬಹುದು.

ರೋಗದ ಕೋಡ್ (ಐಸಿಡಿ-10) ಅಂತೂ ಈ ಪುಟದ ವ್ಯಾಪ್ತಿಗೇ ಬರುವುದಿಲ್ಲ, ಆದರೆ ಕ್ಲೇಮ್ ಬೀಳುವ ಇನ್ನೊಂದು ಜಾಗ ಅದೇ. ಕೊಳವೆ ಕಟ್ಟಿದ್ದು ಖಚಿತವಾದರೆ ಟಿ85.09ಎಕ್ಸ್‌ಎ, ಟಿ85.01 ಅಲ್ಲ, ಅದು ಶಂಟ್ ಮುರಿದುಹೋದಾಗ. ಹೊರರೋಗಿಯ ವರದಿಯಲ್ಲಿ ‘ಶಂಕೆ’ ಎಂದಷ್ಟೇ ಇದ್ದರೆ ಅಥವಾ ಹರಿವು ಸರಿಯಿದ್ದರೆ ಟಿ ಕೋಡ್ ಮುಟ್ಟಬೇಡಿ. ಪರೀಕ್ಷೆಗೆ ಕಳಿಸಿದ ಲಕ್ಷಣ ಮೊದಲು, ಉದಾಹರಣೆಗೆ ತಲೆನೋವಿಗೆ ಆರ್51.9, ಜೊತೆಗೆ ಶಂಟ್ ಇರುವುದಕ್ಕೆ ಜೆಡ್98.2.