ಕೈ ಅಳತೆಗೆ ಮಾಡಿಸಿದ ಮಂದ್ರ ಬಾನ್ಸುರಿ: ಮೂರ್ನಾಲ್ಕು ವರ್ಷ ನುಡಿಸಿದ ಮೇಲೆ

ದೊಡ್ಡ ಬಾನ್ಸುರಿ, ಅಂದರೆ ಹಿಂದೂಸ್ತಾನಿ ಸಂಗೀತದ ಬಿದಿರು ಕೊಳಲು, ತಗೋಬೇಕು ಅಂತಿದ್ದರೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ತರಬೇಡಿ. ಕೈ ಅಳತೆ ಕೊಟ್ಟು ಮಾಡಿಸಿ. ನನ್ನದು ಬಿಳಿ ಮೂರು, ಅಂದರೆ ಇ ಶ್ರುತಿಯ ಕೊಳಲು. ಉದ್ದ ಸುಮಾರು 30 ಇಂಚು. ಮಾಡಿಕೊಟ್ಟದ್ದು ಅಪ್ಪ, ಮಗ ಇಬ್ಬರೇ ಕೂತು ಕೆಲಸ ಮಾಡುವ ಒಂದು ಪುಟ್ಟ ವರ್ಕ್‌ಶಾಪ್.

ಈ ಉದ್ದದ ರೆಡಿಮೇಡ್ ಕೊಳಲಲ್ಲಿ ಆರೂ ತೂತು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಇರುತ್ತವೆ. ಕೈ ಚಿಕ್ಕದಿದ್ದರೆ ಉಂಗುರ ಬೆರಳು ಆರನೆಯದನ್ನು ಪೂರ್ತಿ ಮುಚ್ಚುವುದೇ ಇಲ್ಲ. ಕೂದಲೆಳೆಯಷ್ಟು ಗಾಳಿ ಸೋರಿದರೂ ಮಂದ್ರ ಪಂಚಮ, ಅಂದರೆ ತಗ್ಗು ಸಪ್ತಕದ ಪ, ಹೊರಡುವುದಿಲ್ಲ. ತೂತನ್ನು ಉದ್ದಕ್ಕೆ ಸರಿಸಿದರೆ ಸ್ವರ ಕೆಡುತ್ತದೆ. ಅದನ್ನು ಸರಿದೂಗಿಸಲು ತೂತು ಸಣ್ಣದು ಮಾಡಿದರೆ ದನಿ ಮಂಕಾಗುತ್ತದೆ. ಆದರೆ ಅದೇ ದೂರದಲ್ಲಿ ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೊರೆದರೆ ಸ್ವರಕ್ಕೆ ಏನೂ ಆಗುವುದಿಲ್ಲ, ಬೆರಳಿಗೆ ಆರಾಮ. ಇವರು ಕಾಗದದ ಮೇಲೆ ನನ್ನ ಎರಡೂ ಕೈ ಇಡಿಸಿ ಗೆರೆ ಎಳೆದುಕೊಂಡು, ಮೂರನೆಯದನ್ನೂ ಆರನೆಯದನ್ನೂ ಹಾಗೆ ಕೊರೆದರು. ಕಾಯಿಸಿದ ಸಲಾಕೆಯಿಂದ ತೂತು ಸುಟ್ಟ ಮೇಲೆ ಒಳಗಿನ ಅಂಚನ್ನೂ ಉಜ್ಜಿ ನಯ ಮಾಡಿದ್ದಾರೆ. ಊದುವ ರಂಧ್ರದೊಳಗೆ ಕಿರುಬೆರಳು ಆಡಿಸಿದರೆ ಎಲ್ಲೂ ತರಿ ಸಿಗುವುದಿಲ್ಲ. ದನಿ ಇಷ್ಟು ಶುದ್ಧವಾಗಿರುವುದರಲ್ಲಿ ಈ ಕೆಲಸದ ಪಾಲು ದೊಡ್ಡದು.

ಮಂದ್ರದ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಬಾನ್ಸುರಿ ಇಷ್ಟು ಉದ್ದವಾದದ್ದೇ ಕೊಳಲು ವಾದಕ ಪನ್ನಾಲಾಲ್ ಘೋಷ್ (1911–1960) ಅವರಿಂದ. ಜಾನಪದದ ಸಣ್ಣ ಕೊಳಲಿನಲ್ಲಿ ಖಯಾಲ್ ಗಾಯನದ ಗಾಂಭೀರ್ಯ ಬರದು ಅಂತ ಅವರು ಸುಮಾರು 32 ಇಂಚಿನ ಬಿದಿರಿಗೆ ಹೋದರು. ಅವರ ನಡೆ ಎಷ್ಟು ಸರಿಯಿತ್ತು ಅನ್ನುವುದು ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ದರಬಾರಿ ರಾಗ ನುಡಿಸುವಾಗ ಗೊತ್ತಾಗುತ್ತದೆ. ಆರೂ ತೂತು ಮುಚ್ಚಿ ಮೆಲ್ಲಗೆ ಊದಿದರೆ ಬಿದಿರು ಬೆರಳಡಿಯಲ್ಲೇ ಕಂಪಿಸುತ್ತದೆ.

ಈಗ ಕೊರತೆಗಳು. ತಾರ ಸಪ್ತಕದ (ಎತ್ತರದ ಸಪ್ತಕ) ಮೇಲಿನ ಸ್ವರಗಳು ತೆಳು, ಸ್ವರಗಳು ಸರಸರನೆ ಓಡುವ ಬೇಗದ ತಾನಿಗೆ ಇದು ಒಗ್ಗುವುದಿಲ್ಲ. ಉಸಿರು ಜಾಸ್ತಿ ಬೇಕು. ಮಕ್ಕಳಿಗಂತೂ ಬೇಡ. ಬೆಲೆ ರೆಡಿಮೇಡಿಗಿಂತ ಸಾಕಷ್ಟು ಹೆಚ್ಚು, ಕೊಳಲು ಕೈಗೆ ಬರಲು ತಿಂಗಳುಗಟ್ಟಲೆ ಕಾಯಬೇಕಾಯಿತು. ಉದ್ದ ಗೆಣ್ಣಿನ, ತೆಳು ಗೋಡೆಯ, ಚೆನ್ನಾಗಿ ಒಣಗಿದ ಬಿದಿರು ಸಿಗುವುದು ಸುಲಭವಲ್ಲ ಅಲ್ವಾ? ಇಷ್ಟು ದುಡ್ಡು ತಗೊಂಡು ಒಂದು ಗವಸು ಸಹ ಕೊಡಲಿಲ್ಲ, ಅದು ನನಗೆ ಹಿಡಿಸಲಿಲ್ಲ.

ಧಾರವಾಡದ ಒಣ ಬೇಸಿಗೆಯಲ್ಲಿ ಒಮ್ಮೆ ಕೊಳಲಿಗೆ ಬಿಗಿದ ದಾರದ ಎರಡು ಸುತ್ತುಗಳ ನಡುವೆ ಸಣ್ಣ ಬಿರುಕು ಕಾಣಿಸಿತು. ಕಳಿಸಿದೆ. ಅಂಟು ತುಂಬಿ, ಹೊಸ ದಾರ ಬಿಗಿದು ವಾಪಸ್ ಕೊಟ್ಟರು. ದುಡ್ಡು ಕೇಳಲಿಲ್ಲ. ದನಿಯಲ್ಲಿ ವ್ಯತ್ಯಾಸವೂ ಇಲ್ಲ. ಆಮೇಲಿಂದ ಆಗಾಗ ಒಳಗೆ ತೆಳ್ಳಗೆ ಎಣ್ಣೆ ಸವರುತ್ತೇನೆ.

ಶ್ರುತಿ ತಗ್ಗಿದೆ ಅಂತ ಮಾಡಿದವರನ್ನು ಸುಮ್ನೆ ದೂರಬೇಡಿ. ಗಾಳಿ 10 ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 30 ಸೆಂಟ್ ಇಳಿಯುತ್ತದೆ. ಅರ್ಧ ಸ್ವರಕ್ಕೆ 100 ಸೆಂಟ್ ಅಂದರೆ ಲೆಕ್ಕ ಹಾಕಿ. ಚಳಿಗಾಲದ ಬೆಳಿಗ್ಗೆ ಕೊಳಲನ್ನು ಸ್ವಲ್ಪ ಹೊತ್ತು ಊದಿ ಬೆಚ್ಚಗೆ ಮಾಡಿಕೊಂಡ ಮೇಲೆ ತಂಬೂರಿಗೆ ಹೋಲಿಸಿ ನೋಡಿ.

ಮಾಡಿಸುವಾಗ ಶ್ರುತಿ 440ಕ್ಕೆ (ಎ ಸ್ವರಕ್ಕೆ 440 ಹರ್ಟ್ಜ್ ಅನ್ನುವ ಅಳತೆ) ಬೇಕು ಅಂತ ಬರೆದು ಕೊಡಿ. ಯಾವ ಕಡೆ ಹಿಡಿದು ನುಡಿಸುತ್ತೀರಿ, ಬಲವೋ ಎಡವೋ, ಅದನ್ನೂ ಹೇಳಿ. ತೂತು ಪಕ್ಕಕ್ಕೆ ತಿರುಗಿಸಿದ ಕೊಳಲನ್ನು ಆಮೇಲೆ ಇನ್ನೊಂದು ಕಡೆಗೆ ಹಿಡಿಯಲು ಆಗುವುದಿಲ್ಲ.