ಮುಗಿದ ಕೆಲಸಕ್ಕೆ ಬಹುಮಾನವೋ, ಪ್ರಸ್ತಾವಕ್ಕೆ ಅನುದಾನವೋ?

ಸಾಹಿತ್ಯ, ಇತಿಹಾಸದ ಡಿಜಿಟಲ್ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಈ ಎರಡರಲ್ಲಿ ಯಾವುದಕ್ಕೆ ಅರ್ಜಿ ಹಾಕುವುದೆಂದು ಮೊದಲು ತೀರ್ಮಾನಿಸಿಕೊಳ್ಳಬೇಕು.

ಮುಗಿದ ಕೆಲಸಕ್ಕೆ ಕೊಡುವ ಬಹುಮಾನವಾದರೆ ತೀರ್ಪುಗಾರರು ನೇರವಾಗಿ ಲಿಂಕ್ ಒತ್ತಿ ನೋಡುತ್ತಾರೆ. ಅದು ತೆರೆಯದಿದ್ದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಕೋರ್ಸ್ ಮುಗಿದ ಮೇಲೆ ಕಾಲೇಜಿನ ಸರ್ವರ್ ಖಾತೆ ಮುಚ್ಚಿಹೋಗುವುದೇ ಹಲವು ಸಲ ಇದಕ್ಕೆ ಕಾರಣ. ಆದ್ದರಿಂದ ಸೈಟನ್ನು ಸ್ಥಿರ ಎಚ್‌ಟಿಎಂಎಲ್ ಪುಟಗಳಾಗಿಸಿ (ಸರ್ವರ್‌ನಲ್ಲಿ ಪ್ರೋಗ್ರಾಂ ಓಡದೆಯೇ ತೆರೆಯುವ ಪುಟಗಳು), ದತ್ತಾಂಶವನ್ನು ಜೆನೊಡೊ ಎಂಬ ಉಚಿತ ಆನ್‌ಲೈನ್ ಸಂಶೋಧನಾ ಭಂಡಾರದಲ್ಲಿಟ್ಟು ಡಿಒಐ, ಅಂದರೆ ಶಾಶ್ವತ ಗುರುತು ಸಂಖ್ಯೆ, ಪಡೆಯಿರಿ. ಹಸ್ತಪ್ರತಿಯ ಪಠ್ಯಕ್ಕೆ ಟಿಇಐ ಎಕ್ಸ್‌ಎಂಎಲ್ (ಪಠ್ಯದ ಭಾಗಗಳನ್ನು ಗುರುತು ಹಾಕಿಡುವ ಪ್ರಮಾಣಿತ ವಿಧಾನ) ಒಳ್ಳೆಯದು. ನಕ್ಷೆಗೆ ಸ್ಥಳನಾಮ, ಅಕ್ಷಾಂಶ, ರೇಖಾಂಶ, ಆಕರ ಎಂಬ 4 ಕಾಲಂಗಳ ಸಿಎಸ್‌ವಿ, ಅಂದರೆ ಸರಳ ಕೋಷ್ಟಕದ ಫೈಲು, ಸಾಕು. ಗುಂಪಿನ ಕೆಲಸವಾದರೆ ಯಾರು ಏನು ಮಾಡಿದರೆಂದು ಬರೆಯಲೇಬೇಕು. ಪಠ್ಯ ಟೈಪ್ ಮಾಡಿದವರ ಹೆಸರು ಬಿಟ್ಟುಹೋಗುವುದು ಅನ್ಯಾಯ.

ಅನುದಾನಕ್ಕೆ ಸೈಟಿನ ಅಂದಕ್ಕಿಂತ ಸಂಶೋಧನೆಯ ಪ್ರಶ್ನೆ ಮುಖ್ಯ. 10 ಪುಟ ಟೈಪ್ ಮಾಡಿ, ಅದಕ್ಕೆ ಹಿಡಿದ ಸಮಯದಿಂದ ಇಡೀ ಕೆಲಸಕ್ಕೆ ಬೇಕಾಗುವ ಒಟ್ಟು ಗಂಟೆಗಳ ಲೆಕ್ಕ ಹಾಕಿ ತೋರಿಸಿ. ಚಿತ್ರಗಳ ಬಳಕೆಗೆ ಒಪ್ಪಿಗೆ ಪತ್ರ ಅರ್ಜಿಗೂ ಮೊದಲೇ ಕೈಯಲ್ಲಿರಲಿ.

ದತ್ತಾಂಶ ಇನ್ನೂ ಅರ್ಧದಲ್ಲಿದ್ದರೆ ಅನುದಾನಕ್ಕೇ ಅರ್ಜಿ ಹಾಕಿ.