ಹಕ್ಕಿ ಕೆಳಗಿಳಿಯದ ಹಾಡು: ಹ್ಯಾರಿ ಸ್ಮಿತ್ ಸಂಕಲನದ ಮೊದಲ ಭಾಗ

ಹ್ಯಾರಿ ಸ್ಮಿತ್ 1952ರಲ್ಲಿ ಫೋಕ್‌ವೇಸ್ ಕಂಪನಿಗಾಗಿ ಸಂಪಾದಿಸಿದ ‘ಆಂಥಾಲಜಿ ಆಫ್ ಅಮೆರಿಕನ್ ಫೋಕ್ ಮ್ಯೂಸಿಕ್’ ಸಂಕಲನದ ಸಿ.ಡಿ. ಪೆಟ್ಟಿಗೆಯನ್ನು ಈ ಮಳೆಗಾಲದಲ್ಲಿ ತೀರ್ಥಹಳ್ಳಿಯ ಮನೆಯಲ್ಲಿ ಕೂತು ಕೇಳಿದೆ. ಒಟ್ಟು 84 ಹಾಡುಗಳ ಪೈಕಿ ಕಥನಗೀತೆಗಳ ಮೊದಲ ಭಾಗದಲ್ಲಿರುವ 27ನ್ನು ಕುರಿತಷ್ಟೇ ಬರೆಯುತ್ತಿದ್ದೇನೆ, ಏಕೆಂದರೆ ಕೊಲೆಯ ಹಾಡುಗಳು ಬಹುಪಾಲು ಅಲ್ಲಿಯೇ ಇವೆ. ಎಲ್ಲವೂ ಹಳೆಯ ಪ್ಲೇಟುಗಳಿಂದ ತೆಗೆದವು. ಹಂಚಿನ ಮೇಲೆ ಆರಿದ್ರಾ ಮಳೆ ಹಿಡಿದ ದಿನ ಕರಕರ ಸದ್ದು ಮಳೆಯದೋ ಪ್ಲೇಟಿನದೋ ತಿಳಿಯುವುದಿಲ್ಲ.

ಮೊದಲ ಹಾಡು ‘ಹೆನ್ರಿ ಲೀ’. ತನ್ನನ್ನು ಬಿಟ್ಟು ಹೊರಟ ಪ್ರಿಯನನ್ನು ಹೆಣ್ಣೊಬ್ಬಳು ಇರಿದು, ಹೆಣವನ್ನು ಬಾವಿಗೆ ಹಾಕಿಸುತ್ತಾಳೆ. ಅದನ್ನು ಕಂಡ ಹಕ್ಕಿಯನ್ನು ಕೆಳಗಿಳಿದು ಬಾ ಎಂದು ಕರೆಯುತ್ತಾಳೆ. ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ ಕಲೆಹಾಕಿದ 305 ಇಂಗ್ಲಿಷ್ ಮತ್ತು ಸ್ಕಾಟಿಷ್ ಕಥನಗೀತೆಗಳಲ್ಲಿ ಇದು 68ನೆಯದು. ಸ್ಕಾಟ್ಲೆಂಡಿನ ಪಾಠಗಳಲ್ಲಿ ಹಕ್ಕಿಯೇ ಕೊಲೆಯ ಗುಟ್ಟನ್ನು ರಟ್ಟುಮಾಡುತ್ತದೆ. ವೆಸ್ಟ್ ವರ್ಜೀನಿಯಾದ ಗಣಿ ಕಾರ್ಮಿಕ ಡಿಕ್ ಜಸ್ಟಿಸ್‌ನ ಬಾಯಲ್ಲಿ ಆ ಮುಂದಿನ ಕಥೆಯೆಲ್ಲ ಉದುರಿ, ಹಕ್ಕಿ ಬರಲೊಲ್ಲೆ ಎಂದದ್ದಷ್ಟೇ ಉಳಿದಿದೆ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆ ಹಾಡುತ್ತಿದ್ದ ನಮ್ಮ ದೊಡ್ಡಪ್ಪನವರಿಗೆ ಕಥೆಯನ್ನು ಇಲ್ಲಿಯವರೆಗೆ ಹೇಳಿದೆ. “ಇಳಿದಿದ್ದರೆ ಅದನ್ನೂ ಕೊಲ್ಲುತ್ತಿದ್ದಳು ಮಾರಾಯ” ಎಂದರು. ಹಾಡಿನಲ್ಲಿ ಹಕ್ಕಿ ಕೊಡುವ ಕಾರಣವೂ ಅದೇ. ಆ ಸಾಲನ್ನು ನಾನಿನ್ನೂ ಅವರಿಗೆ ಹೇಳಿರಲಿಲ್ಲ.

ಸಂಕಲನದ ಹೆಚ್ಚುಗಾರಿಕೆ ಅದರ ಜೋಡಣೆಯಲ್ಲಿದೆ. ಕಡಲು ದಾಟಿ ಬಂದ ಹಳೆಯ ಹಾಡುಗಳನ್ನು ಮೊದಲಿಟ್ಟು, ಅಮೆರಿಕದಲ್ಲೇ ನಡೆದ ಕೊಲೆಗಳ ಹಾಡುಗಳನ್ನು ಅನಂತರ ಇಟ್ಟಿರುವುದರಿಂದ, ಹೊಸ ಹೆಣವನ್ನು ಹಳೆಯ ಧಾಟಿ ಹೇಗೆ ಹೊತ್ತು ನಡೆಯಿತೆಂಬುದು ಕಿವಿಗೇ ತಿಳಿಯುತ್ತದೆ. ಉತ್ತರ ಕೆರೊಲಿನಾದ ಡೀಪ್ ನದಿಯಲ್ಲಿ ಮುಳುಗಿಸಲ್ಪಟ್ಟ ನವೋಮಿ ವೈಸ್ ನಿಜವಾಗಿ ಬದುಕಿದ್ದವಳು, ಆದರೂ ಜಿ.ಬಿ. ಗ್ರೇಸನ್ ಹಾಡುವ ಅವಳ ಕಥೆಯಲ್ಲಿ, ಮದುವೆಯ ಆಸೆ ತೋರಿಸಿ ಕರೆದೊಯ್ಯುವ ಗಂಡು ಇಂಗ್ಲೆಂಡಿನ ಹಾಡುಗಳಿಂದಲೇ ಎದ್ದುಬಂದಂತಿದ್ದಾನೆ.

ಕರಿಯರ ಮತ್ತು ಬಿಳಿಯರ ಹಾಡುಗಳನ್ನು ಕಂಪನಿಗಳು ಬೇರೆಬೇರೆ ಪಟ್ಟಿಗಳಲ್ಲಿ ಮಾರುತ್ತಿದ್ದವು. ಸ್ಮಿತ್ ಅವನ್ನು ಬೆರೆಸಿದ್ದಲ್ಲದೆ, ಹಾಡುಗಾರರ ಬಣ್ಣವನ್ನು ಕೈಪಿಡಿಯಲ್ಲಿ ಹೇಳಲೇ ಇಲ್ಲ. 1895ರ ಕ್ರಿಸ್‌ಮಸ್ ರಾತ್ರಿ ಸೇಂಟ್ ಲೂಯಿಸ್‌ನಲ್ಲಿ ಲೀ ಶೆಲ್ಟನ್ ಎಂಬ ಕರಿಯ ಬಿಲ್ಲಿ ಲಯನ್ಸ್‌ಗೆ ಗುಂಡಿಕ್ಕಿದ. ಜಗಳ ಒಂದು ಟೋಪಿಯದು. ಆ ಕಥೆಯನ್ನು ಇಲ್ಲಿ ಹಾಡುವವನು ಬಿಳಿಯ ಗಣಿ ಕಾರ್ಮಿಕ ಫ್ರಾಂಕ್ ಹಚಿಸನ್. ಪ್ರತಿ ಕಥೆಯನ್ನೂ ಪತ್ರಿಕೆಯ ತಲೆಬರಹದಂತೆ ಸಾರಾಂಶ ಮಾಡಿರುವ ಕೈಪಿಡಿಯನ್ನು ನಾನು ಹಾಡುಗಳಷ್ಟೇ ಇಷ್ಟಪಟ್ಟೆ.

ಕೊರತೆಯೂ ಇದೆ. ಹದಿನೆಂಟನೆಯ ಶತಮಾನದ ‘ಬರ್ಕ್‌ಷೈರ್ ಟ್ರ್ಯಾಜಿಡಿ’ ಎಂಬ ಅಚ್ಚಿನ ಹಾಳೆಯಿಂದ ಬೆಳೆದ ‘ನಾಕ್ಸ್‌ವಿಲ್ ಗರ್ಲ್’ ಆಗಲಿ, ‘ಪ್ರೆಟಿ ಪಾಲಿ’ ಆಗಲಿ ಇದರಲ್ಲಿಲ್ಲ. ಎರಡನೆಯದನ್ನು ಡಾಕ್ ಬಾಗ್ಸ್‌ನ 1927ರ ಮುದ್ರಣದಲ್ಲಿ ಬೇರೆಯಾಗಿ ಹುಡುಕಿ ಕೇಳಿದೆ. ಇಂಗ್ಲೆಂಡಿನ ಮೂಲದಲ್ಲಿ ಸತ್ತವಳ ದೆವ್ವ ಹಡಗಿಗೇ ಬಂದು ಕೊಲೆಗಾರನನ್ನು ಹಿಡಿಯುತ್ತದೆ. ಅಮೆರಿಕದಲ್ಲಿ ಅಗೆದ ಗುಂಡಿಯೂ ಹೆಣವೂ ಉಳಿದು ದೆವ್ವ ಕಳೆದುಹೋಗಿದೆ. ದೊಡ್ಡಪ್ಪನವರಿಗೆ ಇದೊಂದು ಮಾತ್ರ ಒಪ್ಪಿಗೆಯಾಗಲಿಲ್ಲ.